ಕೈಯಲ್ಲಿ ತಿರುಗಿಸುವ ಹಳೆಯ ಸಿಂಗರ್ ಹೊಲಿಗೆ ಯಂತ್ರಕ್ಕೆ ಎಷ್ಟು ಕೊಡಬಹುದು?

ಪ್ರಶ್ನೆ: ಕೋಲಾರದಿಂದ

ಎಲ್ಲರಿಗೂ ನಮಸ್ಕಾರ. ನಾವು ಬಾಡಿಗೆ ಮನೆಯಲ್ಲಿದ್ದೇವೆ. ಕಾಲಿನಿಂದ ತುಳಿಯುವ ಯಂತ್ರವನ್ನು ಇಡುವಷ್ಟು ಜಾಗವಿಲ್ಲ. ಮನೆ ಬದಲಾಯಿಸಿದಾಗಲೆಲ್ಲ ಅದರ ಕಬ್ಬಿಣದ ಸ್ಟ್ಯಾಂಡನ್ನು ಮಹಡಿ ಹತ್ತಿಸಿ ಇಳಿಸುವುದೂ ನಮ್ಮಿಂದಾಗದು. ಆದ್ದರಿಂದ ಮೇಜಿನ ಮೇಲಿಟ್ಟು ಹೊಲಿದು, ಕೆಲಸ ಮುಗಿದ ಮೇಲೆ ಮುಚ್ಚಳ ಹಾಕಿ ಎತ್ತಿಡಬಹುದಾದ ಕೈ ಯಂತ್ರವೊಂದನ್ನು ಹುಡುಕುತ್ತಿದ್ದೇನೆ. ರವಿಕೆ, ಮಗಳ ಲಂಗ, ದಿಂಬಿನ ಗವಸು ಇಷ್ಟೇ ನನ್ನ ಕೆಲಸ. ಜೊತೆಗೆ, ತೀರಿಹೋದ ನಮ್ಮ ತಾಯಿಯವರ ಹತ್ತಿ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಒಂದು ಬೊಂತೆ ಹೊಲಿಯಬೇಕೆಂಬ ಆಸೆ ಬಹಳ ದಿನದಿಂದ ಇದೆ.

ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ, ಹಿಂದೆ ಗಣಿಯಲ್ಲಿ ಕೆಲಸ ಮಾಡಿದ್ದವರೊಬ್ಬರ ಮನೆಯಲ್ಲಿ, ಅಂಥದ್ದೊಂದು ಯಂತ್ರ ಮಾರಾಟಕ್ಕಿದೆ. ಕಪ್ಪು ಬಣ್ಣ, ಚಿನ್ನದ ಬಳ್ಳಿಯ ಚಿತ್ತಾರ, ಬಾಗಿಸಿದ ಮರದ ಮುಚ್ಚಳ, ಬಲಬದಿಗೆ ಮಡಚುವ ಹಿಡಿ. ಮನೆಯ ಹಿರಿಯ ಹೆಂಗಸು ಅದನ್ನು ಬಹಳ ಅಕ್ಕರೆಯಿಂದ ಇಟ್ಟುಕೊಂಡಿದ್ದಾರೆ. ಕಂಬದ ಮೇಲಿನ ಹಿತ್ತಾಳೆಯ ಬಿಲ್ಲೆಯಲ್ಲಿ 1851 ಎಂದು ಬರೆದಿದೆ, ಆದ್ದರಿಂದ ಇದು ನೂರೆಪ್ಪತ್ತು ವರ್ಷ ಹಳೆಯದು ಎಂದು ಅವರ ಮೊಮ್ಮಗ ಹೇಳಿದರು. ಅಂತರ್ಜಾಲದಲ್ಲಿ ಸಣ್ಣ ಸಿಂಗರ್ ಯಂತ್ರಗಳ ಬೆಲೆ ನೋಡಿ 14,000 ರೂಪಾಯಿ ಕೇಳುತ್ತಿದ್ದಾರೆ. ನಾನು ತೆಗೆದುಕೊಂಡ ಚಿತ್ರದಲ್ಲಿ ಬಿಲ್ಲೆ ಮಸುಕಾಗಿದೆ. ಅವರಿಗೂ ಅನ್ಯಾಯವಾಗದಂತೆ, ನಾನೂ ಮೋಸ ಹೋಗದಂತೆ ಎಷ್ಟು ಕೊಡಬಹುದು? ಮುಂದಿನ ಭಾನುವಾರ ಮತ್ತೆ ಹೋಗುವವಳಿದ್ದೇನೆ.

ಉತ್ತರ: ಚಿಕ್ಕಬಳ್ಳಾಪುರದಿಂದ

ನಮಸ್ಕಾರ ಅಮ್ಮ. 1851 ಎಂಬುದು ಆ ಯಂತ್ರ ಹುಟ್ಟಿದ ವರ್ಷವಲ್ಲ, ಸಿಂಗರ್ ಕಂಪನಿ ಹುಟ್ಟಿದ ವರ್ಷ. ಕಂಪನಿಗೆ ನೂರು ತುಂಬಿದಾಗ ತಯಾರಾದ ಯಂತ್ರಗಳಿಗೆ 1851 ಮತ್ತು 1951 ಎರಡನ್ನೂ ಅಚ್ಚು ಹಾಕಿದ, ಅಂಚಿಗೆ ನೀಲಿ ಬಣ್ಣವಿರುವ ಬಿಲ್ಲೆಯನ್ನು ಕೂರಿಸಿದ್ದರು. ತಾವು ಹೋದಾಗ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ, ಇನ್ನೊಂದು ಸಂಖ್ಯೆಯೂ ಕಾಣಬೇಕು.

ಬಿಲ್ಲೆಗಿಂತ ಹೆಚ್ಚು ನಂಬಬೇಕಾದದ್ದು ಯಂತ್ರದ ಪೀಠದ ಮೇಲೆ ಬಲಗಡೆ ಕೊರೆದಿರುವ ಕ್ರಮಸಂಖ್ಯೆ. ಅದು ಇಂಗ್ಲಿಷಿನ ಎರಡು ಅಕ್ಷರಗಳಿಂದ ಆರಂಭವಾಗಿ, ಮೊದಲನೆಯದು ‘ಇ’ ಆಗಿದ್ದರೆ, ಆ ಯಂತ್ರ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, 1930ರ ದಶಕದ ನಡುಭಾಗದಿಂದ ಈಚಿನದು ಎಂದು ತಿಳಿಯಬಹುದು. ಆ ಒಂದೇ ಕಾರ್ಖಾನೆ 1913ರಲ್ಲಿ, ಒಂದು ವರ್ಷದೊಳಗೆ, ಸುಮಾರು 13 ಲಕ್ಷ ಯಂತ್ರಗಳನ್ನು ಹೊರಗೆ ಕಳುಹಿಸಿತ್ತು. ಹಾಗಾಗಿ ಹಳೆಯದು ಎಂಬ ಮಾತ್ರಕ್ಕೆ ಅಪರೂಪದ್ದು ಎಂದಾಗುವುದಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆ ಖಾಲಿ ಮಾಡಿಕೊಂಡು ಹೋದವರಿಂದ ಕೈಬದಲಾದ ಇಂಥ ಯಂತ್ರಗಳನ್ನು ನಾನೇ ಮೂರು ಕಡೆ ನೋಡಿದ್ದೇನೆ.

ಇನ್ನು ಆ ಮೊಮ್ಮಗ ನೋಡಿದ ಬೆಲೆಯ ವಿಷಯ. ವಿದೇಶಗಳಲ್ಲಿ ಹೆಚ್ಚು ಬೆಲೆಗೆ ಹೋಗುವ ಸಣ್ಣ ಸಿಂಗರ್ ಎಂದರೆ 221 ಎಂಬ ಮಾದರಿ, ಫೆದರ್‌ವೇಟ್ ಎಂದು ಹೆಸರು. 1933ರಲ್ಲಿ ಷಿಕಾಗೋದ ವಿಶ್ವ ಪ್ರದರ್ಶನದಲ್ಲಿ ಅದನ್ನು ಮೊದಲು ತೋರಿಸಿದರು. ಅದರ ಮೈ ಅಲ್ಯುಮಿನಿಯಮ್, ತೂಕ ಐದು ಕಿಲೋ ಮಾತ್ರ, ನಡೆಯುವುದು ಮೋಟಾರಿನಿಂದ. ತಮ್ಮ ವರ್ಣನೆ ನೋಡಿದರೆ ಇದು 99ಕೆ ಇರಬೇಕು. ಎರಕದ ಕಬ್ಬಿಣದ್ದು, ಮುಚ್ಚಳವೂ ಸೇರಿದರೆ ಹತ್ತು ಕಿಲೋ ಮೀರುತ್ತದೆ. ಹೊಲಿಗೆಯ ಗುಣದಲ್ಲಿ ಅದು ಏನೂ ಕಡಿಮೆಯಲ್ಲ. ಆದರೆ ಒಂದರ ಬೆಲೆಯನ್ನು ಇನ್ನೊಂದಕ್ಕೆ ಕಟ್ಟಲಾಗದು.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ, ಹಳೆಯ ಸಿಂಗರ್ ಯಂತ್ರಗಳ ಸೂಜಿಯಲ್ಲಿ ‘ಕೆಂಪು ಪಾದರಸ’ ಎಂಬ ಭಾರೀ ಬೆಲೆಯ ವಸ್ತು ಇದೆ ಎಂಬ ವದಂತಿ ಹಬ್ಬಿ, ಕೆಲಸಕ್ಕೆ ಬಾರದ ಯಂತ್ರಗಳಿಗೂ ಜನ ಲಕ್ಷಗಟ್ಟಲೆ ರಿಯಾಲ್ ಕೇಳಿದ್ದರು. ಅದು ಶುದ್ಧ ಸುಳ್ಳು. ಯಾರಾದರೂ ಅಂಥ ಮಾತು ತೆಗೆದು ಬೆಲೆ ಏರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಉತ್ತರ: ತುಮಕೂರಿನಿಂದ, ಹೊಲಿಗೆ ಯಂತ್ರ ದುರಸ್ತಿ ಮಾಡುವವನು

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ತಾವು ಕೊಳ್ಳುತ್ತಿರುವುದು ಬೊಂತೆ ಹೊಲಿಯುವುದಕ್ಕೇ ಹೊರತು ಗಾಜಿನ ಕಪಾಟಿನಲ್ಲಿ ಇಡುವುದಕ್ಕಲ್ಲ. ಆದ್ದರಿಂದ ಬೆಲೆಯನ್ನು ವರ್ಷ ಎಣಿಸಿ ಕಟ್ಟಬೇಡಿ. ತಮ್ಮ ಕಣ್ಣೆದುರಿಗೆ, ತಾವೇ ತೆಗೆದುಕೊಂಡು ಹೋದ ಬಟ್ಟೆಯ ಮೇಲೆ ಅದು ಹಾಕಿದ ಹೊಲಿಗೆಯನ್ನು ನೋಡಿ ಕಟ್ಟಿ. ಹೋಗುವಾಗ ಹೊಸ ಸೂಜಿ, ಬಿಳಿ ಮತ್ತು ಕೆಂಪು ದಾರ, ಒಂದು ಹತ್ತಿ ಬಟ್ಟೆಯ ತುಂಡು, ಒಂದು ಟಾರ್ಚ್, ಸಣ್ಣ ಬಾಟಲಿಯಲ್ಲಿ ಮಿಷನ್ ಎಣ್ಣೆ ಇಟ್ಟುಕೊಳ್ಳಿ.

ಮೊದಲು ದಾರ ಹಾಕದೆ, ಬಟ್ಟೆಯನ್ನು ಒತ್ತಿಹಿಡಿಯುವ ಫೂಟನ್ನು ಎತ್ತಿಟ್ಟು, ಚಕ್ರವನ್ನು ಎರಡೇ ಬೆರಳಿನಿಂದ ತಮ್ಮ ಕಡೆಗೆ ತಿರುಗಿಸಿ. ಸುತ್ತು ಪೂರ್ತಿ ಒಂದೇ ಹದದಲ್ಲಿ ಬಂದರೆ ಒಳಗೆಲ್ಲ ಚೆನ್ನಾಗಿದೆ. ಸುತ್ತಿನುದ್ದಕ್ಕೂ ಬಿಗಿಯಾಗಿದ್ದರೆ ಹೆದರಬೇಕಾಗಿಲ್ಲ: ನಮ್ಮ ಮನೆಗಳಲ್ಲಿ ಮಿಷನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಉಂಟು, ಅದು ವರ್ಷಗಳು ಕಳೆದಂತೆ ಅಂಟಾಗಿ ಗಟ್ಟಿಯಾಗುತ್ತದೆ. ಒಳಗಿನ ಕೀಲುಗಳಿಗೆ ಹನಿ ಹನಿ ಸೀಮೆಎಣ್ಣೆ ಬಿಟ್ಟು, ಎರಡು ದಿನ ಕಾದು, ಒರೆಸಿ, ನಂತರ ಮಿಷನ್ ಎಣ್ಣೆ ಹಾಕಿದರೆ ಬಿಡಿಸಿಕೊಳ್ಳುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಟಕ್ಕೆಂದು ತಡೆದರೆ ಏನೋ ಬಾಗಿದೆ, ಇಲ್ಲವೇ ಚಕ್ರದ ಹಿಂದೆ ಅಥವಾ ಸೂಜಿಯ ಕೆಳಗೆ ದಾರ ಹಿಡಿಯುವ ಶಟಲ್ ಹತ್ತಿರ ದಾರ ಸಿಕ್ಕಿಕೊಂಡಿದೆ. ಟಾರ್ಚ್ ಬಿಟ್ಟು ನೋಡಿ. ಜೋರು ಮಾಡಿ ತಿರುಗಿಸಬೇಡಿ.

ಕೆಳಗಿನ ದಾರ ಸುತ್ತಿಡುವ ಬಾಬಿನ್ ಮೇಲಿನ ಜಾರುವ ಸ್ಟೀಲ್ ಪ್ಲೇಟನ್ನು ಸರಿಸಿ. 99ಕೆ ಯಂತ್ರದಲ್ಲಿ ಬಾಬಿನ್ ಅಡ್ಡವಾಗಿ ಮಲಗಿರುತ್ತದೆ, ಮೇಲಿನಿಂದಲೇ ಇಡುತ್ತೇವೆ. ಆ ಬಾಬಿನ್ನಿನ ಎರಡೂ ಮುಖಗಳು ತುಸು ಉಬ್ಬಿರುತ್ತವೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಬಾಬಿನ್ನಿನ ಮುಖ ಚಪ್ಪಟೆ. ಚಪ್ಪಟೆಯದನ್ನು ತುರುಕಿಟ್ಟು, ಹೊಲಿಗೆ ಬಿಡುತ್ತದೆ ಎಂದು ಯಂತ್ರವನ್ನೇ ದೂರುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಜಾರುವ ಪ್ಲೇಟ್ ಮತ್ತು ಸರಿಯಾದ ಬಾಬಿನ್ ಇವೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ, ಏಕೆಂದರೆ ಉಳಿದ ಎಷ್ಟೋ ಸಾಮಾನನ್ನು ನಾನು ಇಲ್ಲಿ ಹೊಂದಿಸಿಕೊಡಬಲ್ಲೆ, ಈ ಎರಡನ್ನು ಹುಡುಕುವುದು ಕಷ್ಟ.

ಸೂಜಿಯ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಯಂತ್ರಗಳು ಗುಜರಿ ಸೇರುವುದು ಇದರಿಂದಲೇ. ನಮ್ಮ ದರ್ಜಿಗಳು ದಿನನಿತ್ಯ ಬಳಸುವ ಕಪ್ಪು ಯಂತ್ರಗಳಲ್ಲಿ ಸೂಜಿಯ ಚಪ್ಪಟೆ ಭಾಗ ಪಕ್ಕಕ್ಕೆ ಬರುತ್ತದೆ, ದಾರವನ್ನೂ ಪಕ್ಕದಿಂದ ಪೋಣಿಸುತ್ತೇವೆ. 99ಕೆಯಲ್ಲಿ ಚಪ್ಪಟೆ ಭಾಗ ಹಿಂದಕ್ಕೆ ಬರಬೇಕು, ದಾರ ಮುಂದಿನಿಂದ ಹಿಂದಕ್ಕೆ ಹೋಗಬೇಕು. ರೂಢಿಯಂತೆ ಪಕ್ಕಕ್ಕೆ ತಿರುಗಿಸಿ ಹಾಕಿದರೆ ಒಂದು ಹೊಲಿಗೆಯೂ ಕೂರುವುದಿಲ್ಲ. ಕಳೆದ ವರ್ಷ ಮಂಡಿಪೇಟೆಯ ಕಡೆಯಿಂದ ಒಬ್ಬರು ‘ಕೆಟ್ಟಿದೆ’ ಎಂದು ತಂದ ಯಂತ್ರಕ್ಕೆ ನಾನು ಮಾಡಿದ್ದು ಸೂಜಿಯನ್ನು ಕಾಲು ಸುತ್ತು ತಿರುಗಿಸಿದ್ದು ಮಾತ್ರ. ಸೂಜಿ ಸಿಗುವುದಿಲ್ಲವೆಂಬ ಚಿಂತೆ ಬೇಡ. ಮನೆ ಯಂತ್ರದ ಸಾಮಾನ್ಯ ಚಪ್ಪಟೆ ಬುಡದ ಸೂಜಿಯೇ ಇದಕ್ಕೂ ಆಗುತ್ತದೆ.

ನಂತರ ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಹೊಲಿಯಿರಿ. ಬಟ್ಟೆಯ ಮೇಲ್ಮುಖದಲ್ಲಿ ಕೆಂಪು, ಅಡಿಯಲ್ಲಿ ಬಿಳಿ ಮಾತ್ರ ಕಂಡರೆ ಟೆನ್ಷನ್, ಅಂದರೆ ದಾರದ ಬಿಗಿ, ಸರಿಯಿದೆ. ಅಡಿಯಲ್ಲಿ ಕೆಂಪು ಕುಣಿಕೆಗಳು ಕಂಡರೆ ಮೇಲಿನ ಟೆನ್ಷನ್ ತಟ್ಟೆಗಳ ನಡುವೆ ನಾರು ಸಿಕ್ಕಿರಬಹುದು, ಅದು ದೊಡ್ಡ ದೋಷವಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಹೊಲಿಯಿರಿ, ಬೊಂತೆಯ ಪರೀಕ್ಷೆ ಅಲ್ಲೇ ಆಗುತ್ತದೆ. ಬಟ್ಟೆ ಎಳೆಯುವ ಹಲ್ಲುಗಳ ಮೇಲೆ ಉಗುರು ಆಡಿಸಿ ನೋಡಿ, ಚುರುಕಾಗಿ ತಾಗಬೇಕು. ಕೊನೆಗೆ ಯಂತ್ರವನ್ನು ಹಿಂದಕ್ಕೆ ಮಗುಚಿ ಎರಕದ ಪೀಠದಲ್ಲಿ ಬಿರುಕು ಇದೆಯೇ ನೋಡಿ. ಬಿರುಕಿದ್ದರೆ ಯಾವ ಬೆಲೆಗೂ ಬೇಡ.

ಈಗ ಬೆಲೆ. ಕಾಲಿನ ಸ್ಟ್ಯಾಂಡ್ ಇಲ್ಲದ, ನೇರ ಹೊಲಿಗೆ ಮಾತ್ರ ಹಾಕುವ ಹೊಸ ಕಪ್ಪು ಯಂತ್ರ ಇಂದು ಹತ್ತು ಸಾವಿರದೊಳಗೆ ಸಿಗುತ್ತದೆ. ಎಲ್ಲ ಸಾಮಾನೂ ಇದ್ದು, ಹೊಲಿದು ತೋರಿಸುವ, ಮುಚ್ಚಳವೂ ಗಟ್ಟಿಯಾಗಿರುವ 99ಕೆಗೆ 6,000ದಿಂದ 7,500 ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಬಿಗಿಯಾಗಿದ್ದು ಸಾಮಾನೆಲ್ಲ ಇದ್ದರೆ 3,000ದ ಆಸುಪಾಸು. ಜಾರುವ ಪ್ಲೇಟ್ ಇಲ್ಲದಿದ್ದರೆ ಇನ್ನೂ ಇಳಿಸಿ. ಗುಜರಿಯವರು ಕಬ್ಬಿಣದ ತೂಕಕ್ಕೆ ಕೆಲವು ನೂರು ರೂಪಾಯಿ ಕೊಟ್ಟು ಒಯ್ಯುತ್ತಾರೆ, ಅದನ್ನು ತೋರಿಸಿ ಆ ಹಿರಿಯರನ್ನು ಹೆದರಿಸಬೇಡಿ. ಅವರು ಇಷ್ಟು ವರ್ಷ ಜೋಪಾನ ಮಾಡಿದ್ದಕ್ಕೂ ಒಂದು ಬೆಲೆಯಿದೆ.

ಉತ್ತರ: ಚಿಂತಾಮಣಿಯಿಂದ

ಒಂದು ವಿಷಯ ಸೇರಿಸುತ್ತೇನೆ. ಯಾರಾದರೂ ಮೋಟಾರ್ ಇರುವ ಹಳೆಯ ಯಂತ್ರವನ್ನು ತೋರಿಸಿದರೆ ಅದರ ಫಲಕದಲ್ಲಿ ಎಷ್ಟು ವೋಲ್ಟ್ ಎಂದಿದೆ ಎಂಬುದನ್ನು ಓದದೆ ಪ್ಲಗ್ ಹಾಕಬೇಡಿ. ನಾನು ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ ಕೊಂಡದ್ದು ಅಮೆರಿಕದ 110 ವೋಲ್ಟಿನದು. ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣಮಾತ್ರದಲ್ಲಿ ಹೊಗೆ ಬಂದು ಮೋಟಾರ್ ಸುಟ್ಟಿತು; ‘ಚಾಲೂ ಇದೆ’ ಎಂದು ಹೇಳಿ ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ. ಆ ದುಃಖ ಇನ್ನೂ ಇದೆ. ಹಳೆಯ ತಂತಿಯ ರಬ್ಬರ್ ಹೊದಿಕೆಯೂ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿತ್ತು. ತಾವು ಕೈ ಯಂತ್ರವನ್ನೇ ಆರಿಸಿಕೊಂಡದ್ದು ಒಳ್ಳೆಯದಾಯಿತು, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು, ಭಾನುವಾರ ರಾತ್ರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿಲ್ಲೆಯನ್ನು ಒರೆಸಿದಾಗ 1951 ಕೂಡ ಕಂಡಿತು, ಅಂಚಿನಲ್ಲಿ ನೀಲಿಯೂ ಇತ್ತು. ಕ್ರಮಸಂಖ್ಯೆ ‘ಇ’ ಮತ್ತು ‘ಎಚ್’ ಅಕ್ಷರಗಳಿಂದ ಆರಂಭವಾಗುತ್ತದೆ. ಇದನ್ನು ತೋರಿಸಿದಾಗ ಮೊಮ್ಮಗನ ಮುಖ ಸ್ವಲ್ಪ ಬಾಡಿತು, ಆದರೆ ಅಜ್ಜಿಯವರು, ‘ನನ್ನ ಮದುವೆಗೆ ಸ್ವಲ್ಪ ಮುಂಚೆ ನಮ್ಮ ಮಾವನವರು ತಂದದ್ದು, ನಾನು ಮೊದಲಿನಿಂದ ಅದನ್ನೇ ಹೇಳುತ್ತಿದ್ದೆ’ ಎಂದರು.

ಚಕ್ರ ಬಿಗಿಯಾಗಿತ್ತು, ಆದರೆ ಎಲ್ಲಿಯೂ ತಡೆಯಲಿಲ್ಲ. ಎಣ್ಣೆ ಬಿಟ್ಟು ಹದಿನೈದು ನಿಮಿಷ ಮಾತನಾಡುತ್ತಾ ಕುಳಿತೆವು, ಅಷ್ಟರಲ್ಲಿ ತಕ್ಕಮಟ್ಟಿಗೆ ಸಡಿಲವಾಯಿತು. ಸೂಜಿ ಪಕ್ಕಕ್ಕೇ ತಿರುಗಿತ್ತು! ಹಿಂದಕ್ಕೆ ಮಾಡಿ ಹಾಕಿದ ಮೇಲೆ ಎರಡನೆಯ ಪ್ರಯತ್ನಕ್ಕೆ ಹೊಲಿಗೆ ಬಿತ್ತು. ನಾಲ್ಕು ಮಡಿಕೆಯೂ ಹೋಯಿತು. ಜಾರುವ ಪ್ಲೇಟ್ ಇದೆ, ಉಬ್ಬು ಮುಖದ ಬಾಬಿನ್ನುಗಳು ಮೂರು ಇವೆ. ಮುಚ್ಚಳದ ಒಂದು ಮೂಲೆ ಗೆದ್ದಲು ತಿಂದಿದೆ, ಬೀಗದ ಕೈ ಇಲ್ಲ. 6,500 ಎಂದೆ, ಅಜ್ಜಿಯವರು 7,000 ಎಂದರು, ಚೌಕಾಸಿ ಮಾಡಲು ಮನಸ್ಸಾಗದೆ ಅಷ್ಟೇ ಕೊಟ್ಟು ತಂದೆ.

ಚಿನ್ನದ ಚಿತ್ತಾರದ ಮೇಲೆ ಕಂದು ಬಣ್ಣದ ಜಿಡ್ಡು ಕೂತಿದೆ. ಸ್ಪಿರಿಟ್ ಹಾಕಿ ಒರೆಸಬಹುದೇ?

ಉತ್ತರ: ತುಮಕೂರಿನಿಂದ

ಖಂಡಿತ ಬೇಡ, ತಿನ್ನರ್ ಕೂಡ ಬೇಡ. ಆ ಚಿತ್ತಾರದ ಮೇಲೆ ಅರಗಿನ ವಾರ್ನಿಷ್ ಇರುತ್ತದೆ, ಸ್ಪಿರಿಟ್ ತಾಗಿದರೆ ಅದು ಕರಗಿ ಬಂಗಾರದ ಬಳ್ಳಿಯೂ ಬಟ್ಟೆಗೆ ಅಂಟಿಕೊಂಡು ಬಂದುಬಿಡುತ್ತದೆ. ಹತ್ತಿಯ ತುಂಡನ್ನು ಮಿಷನ್ ಎಣ್ಣೆಯಲ್ಲಿ ಅದ್ದಿ, ಒತ್ತದೆ, ಸಣ್ಣ ಸಣ್ಣ ಸುತ್ತಿನಲ್ಲಿ ಒರೆಸಿ. ಹತ್ತಿ ಕಂದಾದರೆ ಬದಲಾಯಿಸಿ; ಹತ್ತಿಯಲ್ಲಿ ಹಳದಿ ಹೊಳಪು ಕಂಡರೆ ತಕ್ಷಣ ನಿಲ್ಲಿಸಿ. ಒಂದೇ ದಿನಕ್ಕೆ ಆಗುವ ಕೆಲಸವಲ್ಲ. ಮುಚ್ಚಳವನ್ನು ಎರಡು ದಿನ ಬಿಸಿಲಿಗಿಟ್ಟು ಗೆದ್ದಲು ಪೂರ್ತಿ ಹೋದದ್ದನ್ನು ನೋಡಿಕೊಂಡೇ ಮನೆಯೊಳಗೆ ತನ್ನಿ. ಬೊಂತೆಗೆ 16ನೇ ಸಂಖ್ಯೆಯ ಸೂಜಿ ಹಾಕಿ, ಹೊಲಿಗೆಯನ್ನು ಸ್ವಲ್ಪ ಉದ್ದ ಇಟ್ಟುಕೊಳ್ಳಿ.