ಪದ ಬೇಕು, ನಾಳೆ ಬೆಳಗ್ಗೆಯೊಳಗೆ: ಹ್ಯಾಂಡ್ಲಿಂಗ್ ಫೀ, ಡಿ ಮಿನಿಮಿಸ್

ಸು. (ಚನ್ನಪಟ್ಟಣ), ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ನಮ್ಮದು ಗೊಂಬೆ ಅಂಗಡಿ. ಅಜ್ಜ ಅಜ್ಜಿಯರು ಬಂದು ಬುಗುರಿ, ಗಿಲಕಿ ಆರಿಸಿ, ಹೊರದೇಶದ ಮೊಮ್ಮಕ್ಕಳ ವಿಳಾಸ ಬರೆದುಕೊಟ್ಟು ಹೋಗುತ್ತಾರೆ. ಕಳಿಸುವುದು ನಮ್ಮ ಕೆಲಸ.

ಅಮೆರಿಕದ ಕಥೆ ನಿಮಗೆ ಗೊತ್ತೇ ಇದೆ. 2016ರಿಂದ 800 ಡಾಲರ್ ತನಕದ ಪಾರ್ಸಲ್‌ಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ಕ್ಕೆ ಅದು ಹೋಯಿತು. ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಮತ್ತೆ ಶುರುವಾಗಿದೆ. ಈಗ (2025ರ ನವೆಂಬರ್) ಪಾರ್ಸಲ್ಲಿನ ಕಸ್ಟಮ್ಸ್ ಚೀಟಿಯಲ್ಲಿ ಬರೆದ ಬೆಲೆಯ ಅರ್ಧದಷ್ಟು ಸುಂಕವನ್ನು ಇಲ್ಲೇ, ಬುಕ್ ಮಾಡುವಾಗಲೇ ಕಟ್ಟಬೇಕು. 40 ಡಾಲರಿನ ಬುಗುರಿ ಡಬ್ಬಿಗೆ 20 ಡಾಲರ್. ಉಡುಗೊರೆಗೆ 100 ಡಾಲರ್ ತನಕ ಮಾಫಿ ಇದೆ. ಆದರೆ ಅದು ಮನುಷ್ಯರು ಮನುಷ್ಯರಿಗೆ ಕಳಿಸಿದರೆ ಮಾತ್ರ, ಅಂಗಡಿ ಮಾರಿದ ಮಾಲಿಗಲ್ಲ.

ಗಿರಾಕಿಗಳು ಎಲ್ಲವನ್ನೂ ‘ಟ್ಯಾಕ್ಸು’ ಅನ್ನುತ್ತಾರೆ. ಎಲ್ಲವನ್ನೂ ನಾವೇ ನುಂಗುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಅದಕ್ಕೇ ಒಂದು ಬೋರ್ಡ್ ಬರೆಸುತ್ತಿದ್ದೇನೆ. ಕಸ್ಟಮ್ಸ್ ಡ್ಯೂಟಿಗೆ ‘ಸುಂಕ’ ಸಾಕು ಅನ್ನಿಸುತ್ತದೆ. ಕೊರಿಯರ್‌ನವರು ಮೇಲೆ ಹಾಕುವ ಹ್ಯಾಂಡ್ಲಿಂಗ್ ಫೀಗೆ ಏನನ್ನಬೇಕು? ಇಷ್ಟು ಬೆಲೆಯೊಳಗಿದ್ದರೆ ಸುಂಕ ಇಲ್ಲ ಅನ್ನುವ ಆ ಡಿ ಮಿನಿಮಿಸ್‌ಗೆ? ಪೇಂಟರ್ ನಾಳೆ ಬೆಳಗ್ಗೆ ಬರುತ್ತಾನೆ. ಅಕ್ಷರಕ್ಕಿಷ್ಟು ಅಂತ ದುಡ್ಡು. ಚಿಕ್ಕ ಪದ ಕೊಡಿ.

ಹ. (ಶಿವಮೊಗ್ಗ)

ಪದ ಇದೆ, ನಾವು ಮರೆತಿದ್ದೇವೆ ಅಷ್ಟೇ. ಚಾಲುಕ್ಯ, ಹೊಯ್ಸಳರ ಶಾಸನ ತೆಗೆಯಿರಿ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಅಂತ ತೆರಿಗೆಗಳ ಹೆಸರು ಬರುತ್ತವೆ. ಮುನ್, ಸೆರಗು ಸೇರಿ ಮುಂಜೆರಗು ಆದ ಹಾಗೆ ‘ಹೆರ್’ (ಹಿರಿಯ), ಸುಂಕ ಸೇರಿ ಹೆಜ್ಜುಂಕ. ಅದು ದೊಡ್ಡ ಸರಕಿನದು. ಕಿರುಕುಳ ಚಿಲ್ಲರೆ ಸರಕಿನದು. ನಿಮ್ಮ ಸಣ್ಣ ಪಾರ್ಸಲ್ಲಿಗೆ ಹೇಳಿ ಮಾಡಿಸಿದ ಪದ. ಬೋರ್ಡಿನಲ್ಲಿ ‘ಕಿರುಕುಳ’ ಅಂತಲೇ ಬರೆಸಿ.

ಸು.

ಸರ್, ‘ಅಮೆರಿಕಕ್ಕೆ ಕಿರುಕುಳ: 20 ಡಾಲರ್’ ಅಂತ ಬರೆಸಿದರೆ ಪೊಲೀಸರು ಬರುತ್ತಾರೆ.

ಹ.

ಬರಲಿ. ಆ ಪದಕ್ಕೆ ‘ಕಾಟ’ ಅನ್ನುವ ಅರ್ಥ ಯಾಕೆ ಬಂತು ಅಂದುಕೊಂಡಿರಿ? ಚಿಲ್ಲರೆ ಚಿಲ್ಲರೆಯಾಗಿ ಸುಂಕ ಕಿತ್ತುಕೊಂಡು ಕಿತ್ತುಕೊಂಡೇ.

ವೆಂ. (ಮೈಸೂರು)

ಕಥೆ ಕಟ್ಟಬೇಡಿ. ಕಿರುಕುಳ ಅಂದರೆ ಮೊದಲಿಗೆ ಸಣ್ಣದು, ಕ್ಷುಲ್ಲಕ. ಅಲ್ಲಿಂದ ಒಂದು ಕವಲು ತೆರಿಗೆಗೆ ಹೋಯಿತು, ಇನ್ನೊಂದು ತೊಂದರೆಗೆ ಹೋಯಿತು. ಒಂದರಿಂದ ಇನ್ನೊಂದು ಹುಟ್ಟಿತು ಅನ್ನಲು ನಿಮ್ಮ ಬಳಿ ಏನಿದೆ?

ಹ.

ಒಪ್ಪಿದೆ. ಹಾಗಾದರೆ ಇನ್ನೂ ಒಳ್ಳೆಯದಾಯಿತು. ಲ್ಯಾಟಿನ್ನಿನ ಡಿ ಮಿನಿಮಿಸ್ ಅಂದರೂ ಕಾನೂನು ಕ್ಷುಲ್ಲಕಕ್ಕೆ ತಲೆ ಕೆಡಿಸಿಕೊಳ್ಳದು ಅಂತ ತಾನೇ? ಕ್ಷುಲ್ಲಕಕ್ಕೆ ಕನ್ನಡ ಕಿರುಕುಳ ಅಂತ ನೀವೇ ಹೇಳಿದಿರಿ. ಎರಡನೆಯ ಪದ ಸಿಕ್ಕಿತು: ‘ಕಿರುಕುಳ ಮಿತಿ’.

ಗ. (ತುಮಕೂರು)

‘ಮಿತಿ’ ಯಾಕೆ? ಅದು ಸಂಸ್ಕ್ರುತ. ‘ಸುಂಕ’ವೂ ಬೇಡ. ನಮ್ಮ ಬಾಶೆಯಲ್ಲಿ ‘ತೆರು’ ಇದೆ, ತೆರಿಗೆ ಇದೆ. ಗಡಿಯಲ್ಲಿ ತೆರುವುದು ಗಡಿತೆರಿಗೆ. ಇಶ್ಟರೊಳಗೆ ತೆರಬೇಕಿಲ್ಲ ಅನ್ನುವುದು ‘ತೆರಿಗೆಗಡಿ’. ಹ್ಯಾಂಡ್ಲಿಂಗ್ ಪೀಗೆ ‘ಕಯ್ತೆರಿಗೆ’. ಮೂರೂ ಒಂದೇ ಬೇರಿನಿಂದ.

ವೆಂ.

ಮೊದಲು ನೀವು ಮಹಾಪ್ರಾಣ ಬಿಟ್ಟು ಬರೆದ ‘ಬಾಶೆ’ಗೆ ಪ್ರಾಣ ಕೊಡಿ, ಆಮೇಲೆ ಬೇರು ಹುಡುಕೋಣ. ಗಡಿತೆರಿಗೆ, ತೆರಿಗೆಗಡಿ ಎರಡನ್ನೂ ಒಂದೇ ಬೋರ್ಡಿನಲ್ಲಿ ಹಾಕಿದರೆ ಓದುವ ಅಜ್ಜಿಯ ಗತಿ ಏನು? ಇನ್ನು ‘ಕಯ್ತೆರಿಗೆ’. ಕೊರಿಯರ್ ಕಂಪನಿ ತೆರಿಗೆ ಹಾಕುವುದಿಲ್ಲ. ತೆರಿಗೆ ಸರ್ಕಾರದ್ದು. ಸು. ಅವರು ಬಿಡಿಸಲು ಹೊರಟ ಗಂಟನ್ನೇ ನೀವು ಬಿಗಿ ಮಾಡಿದಿರಿ.

ಸುಂಕ ಶುಲ್ಕದ ತದ್ಭವ. ಅದೇ ಶುಲ್ಕ ‘ಪರೀಕ್ಷಾ ಶುಲ್ಕ’ದಲ್ಲಿ ಹಾಗೇ ಉಳಿದು ಫೀಸು ಆಯಿತು. ಒಂದೇ ಪದ ಎರಡು ವೇಷದಲ್ಲಿ ಎರಡು ಕೆಲಸ ಮಾಡುತ್ತಿದೆ. ಸರ್ಕಾರಕ್ಕೆ ಸುಂಕ, ಸೇವೆಗೆ ಶುಲ್ಕ. ‘ನಿರ್ವಹಣಾ ಶುಲ್ಕ’ ಅನ್ನಿ, ಮುಗಿಯಿತು.

ಶಾ. (ಲೆಸ್ಟರ್, ಇಂಗ್ಲೆಂಡ್)

ಮುಗಿಯಲಿಲ್ಲ ಸರ್. ಬಾಗಿಲಲ್ಲಿ ನಿಂತು ದುಡ್ಡು ಕೊಟ್ಟವಳು ನಾನು.

ಹೋದ ವರ್ಷ ಅಮ್ಮ ಮಗಳಿಗೆ ಲಂಗ, ಬಳೆ, ಒಂದು ಮರದ ಕುದುರೆ ಕಳಿಸಿದ್ದರು. ಕಸ್ಟಮ್ಸಿನ ಹಸಿರು ಚೀಟಿಯಲ್ಲಿ ಬೆಲೆ 45 ಪೌಂಡಿನಷ್ಟು ಬರೆದಿತ್ತು. ಇಲ್ಲಿ ಉಡುಗೊರೆಗೆ 39 ಪೌಂಡ್ ತನಕ ಏನೂ ಇಲ್ಲ. ಅದು ದಾಟಿದರೆ ವ್ಯಾಟ್. ಕಸ್ಟಮ್ಸ್ ಡ್ಯೂಟಿ ಶುರುವಾಗುವುದು 135 ಪೌಂಡ್ ದಾಟಿದ ಮೇಲೆ. ಅಂದರೆ ನಾನು ಕಟ್ಟಿದ್ದು ಸುಂಕ ಅಲ್ಲವೇ ಅಲ್ಲ, ತೆರಿಗೆ. ಒಂಬತ್ತು ಪೌಂಡು ಚಿಲ್ಲರೆ. ಅದರ ಮೇಲೆ ತಂದುಕೊಟ್ಟ ಕಂಪನಿಗೆ ಎಂಟು ಪೌಂಡು. ಯಾಕಪ್ಪಾ ಅಂದರೆ ನಿಮ್ಮ ಪರವಾಗಿ ನಾವು ಮೊದಲೇ ಕಟ್ಟಿದ್ದೇವೆ, ಅದಕ್ಕೆ ಅಂದರು. ಕುದುರೆಯ ಒಂದು ಕಿವಿ ಮುರಿದಿತ್ತು, ಆ ಮಾತು ಬೇರೆ.

ಆದ್ದರಿಂದ ಬೋರ್ಡಿನಲ್ಲಿ ಸುಂಕ, ತೆರಿಗೆ ಎರಡೂ ಇರಲಿ. ಯುರೋಪಿನಲ್ಲೂ 22 ಯೂರೋ ತನಕ ಇದ್ದ ವ್ಯಾಟ್ ಮಾಫಿ 2021ರ ಜುಲೈ 1ಕ್ಕೆ ಹೋಗಿದೆ. ಸುಂಕ ಇಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತ ಅಲ್ಲ. ಇನ್ನು ‘ನಿರ್ವಹಣಾ ಶುಲ್ಕ’ ಅಂದರೆ ನಮ್ಮಮ್ಮನಿಗೆ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ನೆನಪಾಗುತ್ತದೆ.

ಬ. (ಹುಬ್ಬಳ್ಳಿ)

ನಮ್ಮ ಕಡೆ ಎಪಿಎಂಸಿಯಲ್ಲಿ ಮೂಟೆ ಎತ್ತಿಳಿಸಿದ್ದಕ್ಕೆ ‘ಹಮಾಲಿ’ ಅಂತಾರ. ಎಲ್ಲರಿಗೂ ಗೊತ್ತದ. ಅದನ್ನೇ ಹಾಕ್ರಿ. ಸುಂಕಕ್ಕೆ ‘ಜಕಾತಿ’ ಅಂದ್ರೂ ನಡೀತದ.

ಗ.

ಎರಡೂ ಅರಬ್ಬಿ.

ಬ.

ಆಗಲಿ ಬಿಡ್ರಿ. ‘ಆಮದು’ ಯಾವ ಊರಿಂದು? ‘ರಫ್ತು’? ಬಂದದ್ದು, ಹೋದದ್ದು ಅಂತ ಪಾರ್ಸಿ. ಅದಕ್ಕೇನು ಸುಂಕ ಹಾಕ್ತೀರಿ?

ವೆಂ.

ಸುಮ್ನೆ ಗಲಾಟೆ. ಶಾ. ಅವರ ಹಸಿರು ಚೀಟಿ ಅಂದರೆ ಸಿಎನ್ 22. ಅದರ ಮೇಲೆ ಫ್ರೆಂಚಿನಲ್ಲಿ ‘ದುವಾನ್’ ಅಂತ ಇರುತ್ತದೆ, ಕಸ್ಟಮ್ಸ್ ಅಂತ. ಅದೂ ನಮ್ಮ ಮೈಸೂರಿನ ‘ದಿವಾನ’ರೂ ಒಂದೇ ಮೂಲದವರು. ಪಾರ್ಸಿಯ ದಿವಾನ್ ಅರಬ್ಬಿಗೆ, ಅಲ್ಲಿಂದ ಇಟಲಿಗೆ, ಫ್ರಾನ್ಸಿಗೆ ಹೋಯಿತು. ದಾರಿಯಲ್ಲಿ ಯಾರೂ ಅದನ್ನು ಬಾಗಿಲಲ್ಲಿ ತಡೆಯಲಿಲ್ಲ. ಗ. ಅವರು ಮಾತ್ರ ಉಕ್ಕಡ (ಸುಂಕದ ಚೌಕಿ) ಕಟ್ಟಿಕೊಂಡು ಕೂತಿದ್ದಾರೆ.

ಗ.

ಪಟ್ಟಿ ಕೊಟ್ಟರೆ ವಾದ ಗೆದ್ದ ಹಾಗಲ್ಲ. ಬಂದದ್ದು ಬಂದಿದೆ, ಸರಿ. ಹೊಸದಾಗಿ ಕಟ್ಟುವಾಗಲಾದರೂ ನಮ್ಮ ಬೇರಿನಿಂದ ಕಟ್ಟಬಾರದೇ ಎಂಬುದು ನನ್ನ ಕೇಳ್ವಿ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಹ.

ಉಕ್ಕಡ ಅಂದಿರಿ, ನೆನಪಾಯಿತು. ಶ್ರೀರಂಗಪಟ್ಟಣದ ಹತ್ತಿರ ಆರತಿ ಉಕ್ಕಡ ಇದೆ, ಬೆಂಗಳೂರಿನಲ್ಲಿ ಸುಂಕದಕಟ್ಟೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಸುಂಕದ ಬಂಕಣ್ಣ ಅಂತ ವಚನಕಾರನೇ ಇದ್ದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆಯನ್ನು ಇವತ್ತಿಗೂ ಆಡುತ್ತೇವೆ. ಇಷ್ಟು ಬೇರು ಬಿಟ್ಟ ಪದವನ್ನು ಕಿತ್ತು ‘ಗಡಿತೆರಿಗೆ’ ನೆಡುತ್ತೀರಾ? ಅಂದ ಹಾಗೆ, ಕಿರುಕುಳವನ್ನು ನಾನಿನ್ನೂ ಬಿಟ್ಟಿಲ್ಲ.

ಸು.

ಪೇಂಟರ್ ಬಂದು ಹೋದ. ಬರೆಸಿದ್ದು ಇಷ್ಟು:

ಸುಂಕ, ತೆರಿಗೆ: ಆ ದೇಶದ ಸರ್ಕಾರಕ್ಕೆ.
ಅಮೆರಿಕದ ಸುಂಕ: ಇಲ್ಲೇ ಕಟ್ಟಬೇಕು.
ತಲುಪಿಸುವ ಕೂಲಿ: ಕೊರಿಯರ್‌ಗೆ. ನಮಗಲ್ಲ.

ಹಮಾಲಿ ಇಷ್ಟವಾಗಿತ್ತು. ಆದರೆ ನಮ್ಮ ಕಡೆ ಅದು ಹೊತ್ತವನಿಗೆ ಮಾತ್ರ, ಕಾಗದಪತ್ರ ಮಾಡಿದವನಿಗಲ್ಲ. ಡಿ ಮಿನಿಮಿಸ್‌ಗೆ ಪದವನ್ನೇ ಹಾಕಲಿಲ್ಲ. ಕೆಳಗೆ ಸ್ಲೇಟು ನೇತುಹಾಕಿ, ಸೀಮೆಸುಣ್ಣದಲ್ಲಿ ‘ಉಡುಗೊರೆ: ಬ್ರಿಟನ್‌ಗೆ 39 ಪೌಂಡ್ ತನಕ ಏನೂ ಇಲ್ಲ’ ಅಂತ ಬರೆದಿದ್ದೇನೆ. ಆ ಅಂಕಿಗಳು ಯಾವಾಗ ಬದಲಾಗುತ್ತವೋ, ಅದಕ್ಕೆ ಪೇಂಟ್ ದಂಡ. ಎಲ್ಲರಿಗೂ ಥ್ಯಾಂಕ್ಸ್.

ಗ.

‘ಕೂಲಿ’ ತಮಿಳಿನದಲ್ಲವೇ?

ವೆಂ.

ಅಲ್ಲ. ದ್ರಾವಿಡದ ಸಮಾನ ಸೊತ್ತು. ನಿಘಂಟು ನೋಡಿ.

ಸು.

ಕೂಲಿಗೆ ಬೇರೆ ಚರ್ಚೆ ಶುರು ಮಾಡಿ ಸರ್. ಬಣ್ಣ ಒಣಗಿದೆ.