ಮದುವೆ ಸರ್ಟಿಫಿಕೇಟ್ ಒಂದು ಸಾಕಾ, ಇನ್ನೂ ನಾಲ್ಕು ಪ್ರತಿ ಬೇಕಾ?

ಕುವೆಂಪುನಗರದ ಹೊಸಬಳು
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಶ್ರೀರಂಗಪಟ್ಟಣದ ಹತ್ತಿರ ಒಂದು ಛತ್ರದಲ್ಲಿ ನಮ್ಮ ಮದುವೆ ಆಯಿತು. ಮೈಸೂರಿನಲ್ಲಿ ನೋಂದಣಿಯೂ ಮುಗಿಯಿತು. ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಫೋಟೋ, ಇಬ್ಬರ ಆಧಾರ್, ಮೂರು ಜನ ಸಾಕ್ಷಿ. ಸರ್ಟಿಫಿಕೇಟ್ ಕೈಗೆ ಬಂದಿದೆ. ನಮ್ಮ ಮಾವ ಅದನ್ನು ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಇಡೋಣ ಅನ್ನುತ್ತಾರೆ. ನನ್ನ ಅಕ್ಕ ಮಾತ್ರ, "ಅದೇ ಕಚೇರಿಯಿಂದ ಇನ್ನೂ ಮೂರು ನಾಲ್ಕು ಸರ್ಟಿಫೈಡ್ ಕಾಪಿ ತೆಗೆದುಕೋ" ಎಂದು ದಿನಾ ಫೋನ್ ಮಾಡುತ್ತಾಳೆ. ಯಾಕೆ ಅಂದರೆ ಬೇಕಾಗುತ್ತೆ ಅಂತಾಳೆ, ಅಷ್ಟೇ. ಜೆರಾಕ್ಸ್ ಸಾಲದಾ?

ಪಾಂಡವಪುರದ ಕಬ್ಬಿನ ಗದ್ದೆ
ಒಳ್ಳೆಯದಾಗಲಿ ಮಗಳೇ. ಆದರೆ ಸುಮ್ನೆ ಅಲೆಯಬೇಡ. ನಮ್ಮ ಮದುವೆ 1987ರಲ್ಲಿ ಮೇಲುಕೋಟೆಯಲ್ಲಿ ಆಯಿತು. ಎರಡು ಬಸ್ಸು ತುಂಬಾ ಜನ ಬಂದಿದ್ದರು. ಇವತ್ತಿನವರೆಗೆ ಒಬ್ಬ ಅಧಿಕಾರಿಯೂ ನನ್ನ ಹೆಂಡತಿಯನ್ನು ತೋರಿಸಿ "ಇವರು ಯಾರು, ಕಾಗದ ಎಲ್ಲಿ" ಅಂತ ಕೇಳಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿದೆ, ವೋಟರ್ ಪಟ್ಟಿಯಲ್ಲಿ ಹೆಸರಿದೆ. ಊರಿಗೆ ಊರೇ ಕಂಡ ಮದುವೆಗೆ ನಾಲ್ಕು ಕಾಗದ ಯಾಕೆ?

ಹೆಬ್ಬಾಳದ ಎಚ್‌ಆರ್
ಅಣ್ಣ, ನಿಮ್ಮ ಕಾಲಕ್ಕೆ ಅದು ಸರಿ. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ಹೊಸದಾಗಿ ಮದುವೆಯಾದ ಹುಡುಗರಿಗೆ ನಾನು ಮೊದಲು ಕೇಳುವುದೇ ಇದನ್ನು. ಆರೋಗ್ಯ ವಿಮೆಗೆ ಹೆಂಡತಿಯ ಹೆಸರು ಸೇರಿಸಬೇಕು. ನಮ್ಮಲ್ಲಿ ಅದಕ್ಕೆ ಮದುವೆಯಾಗಿ 30 ದಿನ ಮಾತ್ರ ಸಮಯ. ಅದು ತಪ್ಪಿದರೆ ಮುಂದಿನ ವರ್ಷ ಪಾಲಿಸಿ ನವೀಕರಣ ಆಗುವವರೆಗೆ ಕಾಯಬೇಕು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೆಲಸಕ್ಕೆ ಸೇರುವಾಗ "ನನಗೆ ಕುಟುಂಬ ಇಲ್ಲ" ಎಂದು ಬರೆದು ಪಿಎಫ್‌ಗೆ ಅಣ್ಣನನ್ನೋ ಸ್ನೇಹಿತನನ್ನೋ ನಾಮಿನಿ ಮಾಡಿದ್ದರೆ, ಮದುವೆಯಾದ ಮೇಲೆ ಆ ನಾಮಿನೇಷನ್ ನಿಲ್ಲುವುದಿಲ್ಲ. ಹೊಸದಾಗಿ ಕೊಡಬೇಕು. ಕೊಡದೆ ಹೋದವರ ಹೆಂಡತಿಯರು ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಆದರೆ ನಿಜ ಹೇಳುತ್ತೇನೆ, ಇದಕ್ಕೆಲ್ಲ ನಾನು ಒರಿಜಿನಲ್ ನೋಡಿ ಜೆರಾಕ್ಸ್ ಇಟ್ಟುಕೊಳ್ಳುತ್ತೇನೆ. ಸರ್ಟಿಫೈಡ್ ಕಾಪಿಯೇ ಬೇಕು ಅಂತ ಇಲ್ಲ.

ನಂಜನಗೂಡು ರಸಬಾಳೆ
ನಾನೂ ಅದನ್ನೇ ಹೇಳಲು ಬಂದೆ. ಪಾಸ್‌ಪೋರ್ಟ್‌ಗೆ ಮದುವೆ ಸರ್ಟಿಫಿಕೇಟ್ ಕಡ್ಡಾಯ ಅಲ್ಲ ಎಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಆದರೂ ನಮ್ಮ ಬೀದಿಯ ಏಜೆಂಟ್ ಈಗಲೂ ಅದನ್ನು ತನ್ನಿ ಅನ್ನುತ್ತಾನೆ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಮದುವೆ ನೋಂದಣಿ ಮಾಡಬಹುದು. ನನ್ನ ತಮ್ಮನಿಗೆ ಡಿಜಿಟಲ್ ಸಹಿ ಇರುವ ಪಿಡಿಎಫ್ ಬಂತು. ಬೇಕಾದಾಗ ಬೇಕಾದಷ್ಟು ಪ್ರಿಂಟ್ ತೆಗೆಯುತ್ತಾನೆ. ಈ ಕಾಲದಲ್ಲಿ ಕಾಗದದ ಪ್ರತಿಗೆ ಸಾಲಿನಲ್ಲಿ ನಿಲ್ಲಬೇಕಾ?

ವಿಜಯನಗರ ಎರಡನೇ ಹಂತ
ನಿಲ್ಲಬೇಕು. ನಮ್ಮ ಕಥೆ ಕೇಳಿ.

ನಮ್ಮ ಮದುವೆಯಾಗಿ ಐದು ತಿಂಗಳಿಗೆ ಇವರಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿತು. ನನ್ನ ವೀಸಾಗೆ ಮದುವೆ ಸರ್ಟಿಫಿಕೇಟ್ ಬೇಕು, ಅದಕ್ಕೆ ಅಪಾಸ್ಟೈಲ್ ಆಗಿರಬೇಕು ಅಂದರು. ಅಂದರೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಸ್ಟಿಕ್ಕರ್. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಈ ಸ್ಟಿಕ್ಕರ್ ನೋಡಿ ಒಪ್ಪಿಕೊಳ್ಳುವ ಅಪಾಸ್ಟೈಲ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಹಾಗಾಗಿ ಒಪ್ಪಂದದಲ್ಲಿರುವ ಎಷ್ಟೋ ದೇಶಗಳಿಗೆ ಅಷ್ಟು ಸಾಕು. ದುಬೈಗೆ ಹೋದ ನನ್ನ ಗೆಳತಿ ಅದರ ಮೇಲೆ ರಾಯಭಾರ ಕಚೇರಿಯ ಮುದ್ರೆಯನ್ನೂ ಹಾಕಿಸಬೇಕಾಯಿತು.

ನಾವು ಸರ್ಟಿಫಿಕೇಟನ್ನು ಆಗಲೇ ಲ್ಯಾಮಿನೇಟ್ ಮಾಡಿಸಿಬಿಟ್ಟಿದ್ದೆವು! ಪ್ಲಾಸ್ಟಿಕ್ ಮೇಲೆ ಸೀಲು ಹಾಕಲು ಆಗುವುದಿಲ್ಲ ಎಂದು ವಾಪಸ್ ಕಳಿಸಿದರು. ಬಿಸಿ ಮಾಡಿ ಬಿಡಿಸಲು ಹೋಗಿ ಒಂದು ಮೂಲೆ ಹರಿದುಹೋಯಿತು. ಆ ರಾತ್ರಿ ನಾನು ಅತ್ತಿದ್ದೇನೆ. ಕೊನೆಗೆ ಮಂಡ್ಯಕ್ಕೆ ಬಂದು, ನೋಂದಣಿ ಮಾಡಿಸಿದ ಕಚೇರಿಯಲ್ಲಿ ಅರ್ಜಿ ಹಾಕಿ ಹೊಸ ಪ್ರತಿ ತೆಗೆದೆವು. ಅದು ಏಜೆಂಟ್ ಕೈಗೆ ಹೋಗಿ ಮೂರು ವಾರ ಬರಲಿಲ್ಲ. ಅದೇ ಸಮಯಕ್ಕೆ ಮನೆ ಸಾಲಕ್ಕೆ ಬ್ಯಾಂಕಿನವರು ಒರಿಜಿನಲ್ ತೋರಿಸಿ ಅಂದರು. ಎಲ್ಲಿಂದ ತೋರಿಸೋದು? ಇರುವ ಒಂದೇ ಕಾಗದ ಬೆಂಗಳೂರಿನಲ್ಲಿತ್ತು.

ಹಾಗಾಗಿ ಮಾವನವರಿಗೆ ದಯವಿಟ್ಟು ಹೇಳಿ, ಲ್ಯಾಮಿನೇಷನ್ ಬೇಡ. ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಇಟ್ಟರೆ ಸಾಕು.

ಮಂಡ್ಯ ಕೋರ್ಟ್ ಪಕ್ಕದವಳು
ನಾನು ವಕೀಲೆ. ಇಲ್ಲಿ ಮೂರು ಬೇರೆ ಬೇರೆ ಕಾಗದ ಕಲಸಿಹೋಗುತ್ತಿವೆ. ಜೆರಾಕ್ಸ್ ಒಂದು. ನೋಟರಿ ಸಹಿ ಹಾಕಿದ ಜೆರಾಕ್ಸ್ ಇನ್ನೊಂದು. ರಿಜಿಸ್ಟ್ರಾರ್ ತಮ್ಮ ಪುಸ್ತಕದಿಂದ ತೆಗೆದು, ಸಹಿ ಮತ್ತು ಮುದ್ರೆ ಹಾಕಿ ಕೊಡುವ ನಕಲೇ ಸರ್ಟಿಫೈಡ್ ಕಾಪಿ. 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಕಲಮಿನಲ್ಲೇ ಇದೆ: ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ರಿಜಿಸ್ಟ್ರಾರ್ ಈ ನಕಲು ಕೊಡಬೇಕು. ಕೋರ್ಟಿನಲ್ಲಿ ಇದಕ್ಕೆ ಬೆಲೆ ಇದೆ.

ಪಾಂಡವಪುರದ ಅಣ್ಣ ಹೇಳಿದ್ದರಲ್ಲೂ ಸತ್ಯ ಇದೆ. ನೋಂದಣಿ ಆಗಿಲ್ಲ ಅಂತ ಮದುವೆ ಬಿದ್ದುಹೋಗುವುದಿಲ್ಲ, ಅದೇ ಕಲಮು ಅದನ್ನೂ ಹೇಳುತ್ತದೆ. 2024ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಕಡೆಯಿಂದ ಹೇಳಿತು: ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ತಂದರೆ ಅದು ಹಿಂದೂ ಮದುವೆ ಆಗುವುದಿಲ್ಲ. ಆ ತೀರ್ಪು ಕೊಟ್ಟ ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ತಂದೆ ಇ.ಎಸ್. ವೆಂಕಟರಾಮಯ್ಯ ನಮ್ಮ ಪಾಂಡವಪುರ ತಾಲೂಕಿನವರೇ, ದೇಶದ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಆದರೆ ನಡೆದ ಮದುವೆಯನ್ನು ಇಪ್ಪತ್ತು ವರ್ಷದ ಮೇಲೆ ತೋರಿಸಿ ಕೊಡಬೇಕು ಅಂದಾಗ ಏನು ಮಾಡುತ್ತೀರಿ? 2006ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಮದುವೆಗಳ ನೋಂದಣಿ ಕಡ್ಡಾಯ ಆಗಲಿ ಎಂದದ್ದಕ್ಕೆ ಇದೂ ಒಂದು ಕಾರಣ.

ಸರಸ್ವತಿಪುರಂ ಟೀಚರ್
ಎಲ್ಲರೂ ಎಷ್ಟು ಪ್ರತಿ ಅಂತ ಮಾತಾಡುತ್ತಿದ್ದೀರಿ. ಆ ಪ್ರತಿಗಳು ಯಾರ ಕೈಯಲ್ಲಿ ಇರಬೇಕು ಅಂತ ಯಾರೂ ಕೇಳಲಿಲ್ಲ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆಯಮ್ಮಾ?

ನನ್ನ ಚಿಕ್ಕಮ್ಮನ ಮಗಳ ಮದುವೆ ಕೆ.ಆರ್. ನಗರದ ಕಡೆ ಆಯಿತು. ಎರಡು ವರ್ಷಕ್ಕೆ ಅವಳು ಮಗು ಎತ್ತಿಕೊಂಡು ತವರಿಗೆ ಬಂದಳು. ಜೀವನಾಂಶ ಕೇಳಲು ಹೋದರೆ ಮೊದಲ ಪ್ರಶ್ನೆ, ಮದುವೆಗೆ ಸಾಕ್ಷಿ ಏನು? ಸರ್ಟಿಫಿಕೇಟ್ ಗಂಡನ ಮನೆಯಲ್ಲಿ. ಆಲ್ಬಂ ಗಂಡನ ಮನೆಯಲ್ಲಿ. ನೋಂದಣಿ ಸಂಖ್ಯೆ, ತಾರೀಖು ಅವಳಿಗೆ ನೆನಪಿಲ್ಲ. ಪುಣ್ಯಕ್ಕೆ ಸಾಕ್ಷಿ ಹಾಕಿದ್ದ ನಮ್ಮ ಸೋದರಮಾವ ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದರು. ಅದರಿಂದ ನಕಲು ಸಿಕ್ಕಿತು.

ಪಾಂಡವಪುರದ ಕಬ್ಬಿನ ಗದ್ದೆ
ಟೀಚರಮ್ಮ, ನಿಮ್ಮ ತಂಗಿಗೆ ಆದದ್ದು ಬಹಳ ಬೇಜಾರಿನ ವಿಷಯ. ಆದರೆ ಮದುವೆಯಾಗಿ ಒಂದು ತಿಂಗಳಾದ ಹುಡುಗಿಗೆ ಇಂಥ ಮಾತು ಹೇಳಬೇಕಾ? ಮನೆಗೆ ಬಂದ ಸೊಸೆ ಬೇರೆ ಪ್ರತಿ ಕೇಳಿದರೆ ಅತ್ತೆ ಮಾವನ ಮನಸ್ಸಿಗೆ ಹೇಗಾಗುತ್ತದೆ?

ಸರಸ್ವತಿಪುರಂ ಟೀಚರ್
ಅಣ್ಣ, ಹೇಳಬೇಕಾದದ್ದು ಈಗಲೇ. ಜಗಳ ಬಂದ ಮೇಲೆ ಕೇಳಿದರೆ ಯಾರು ಕೊಡುತ್ತಾರೆ? ಇದು ಜಗಳಕ್ಕೆ ಮಾತ್ರ ಅಲ್ಲ. ಸಂಸಾರ ಚೆನ್ನಾಗಿಯೇ ಇದ್ದು ಗಂಡನಿಗೆ ಏನಾದರೂ ಆದರೆ ಪಿಂಚಣಿ, ವಿಮೆ, ವಂಶವೃಕ್ಷ ಎಲ್ಲದಕ್ಕೂ ಓಡಾಡುವವಳು ಅವಳೇ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್ ಅವಳದು ಅವಳ ಹತ್ತಿರ ಇರುತ್ತದೆ. ಮದುವೆ ಇಬ್ಬರದೂ ಅಲ್ವಾ?

ನಂಜನಗೂಡು ರಸಬಾಳೆ
ಟೀಚರ್ ಮಾತು ನನಗೆ ಹೊಳೆದಿರಲಿಲ್ಲ. ಪಿಡಿಎಫ್ ಕೂಡ ತಮ್ಮನ ಮೊಬೈಲಿನಲ್ಲಿ ಮಾತ್ರ ಇದೆ. ನಾದಿನಿಗೆ ಇವತ್ತೇ ಕಳಿಸು ಎಂದು ಹೇಳುತ್ತೇನೆ.

ಹೊಸಬಳು ಅವರೇ, ಒಂದು ಮಾತು. ಪ್ರತಿ ತೆಗೆಯುವ ಮುಂಚೆ ಹೆಸರಿನ ಅಕ್ಷರ ನೋಡಿ. ನಮ್ಮ ಕಡೆ ಎಲ್ಲರಿಗೂ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಒಂದು ಥರ, ಸರ್ಟಿಫಿಕೇಟಿನಲ್ಲಿ ಇನ್ನೊಂದು ಥರ ಇದ್ದರೆ ನಾಲ್ಕು ಪ್ರತಿಯಲ್ಲೂ ಅದೇ ತಪ್ಪು ಇರುತ್ತದೆ. ಜೆರಾಕ್ಸ್ ಕೊಡುವಾಗ ಅದರ ಮೇಲೆ ಯಾವ ಕೆಲಸಕ್ಕೆ ಅಂತ ಅಡ್ಡವಾಗಿ ಬರೆದು ಕೊಡಿ. ಅದರಲ್ಲಿ ಇಬ್ಬರ ವಿಳಾಸವೂ ಇರುತ್ತದೆ.

ಕುವೆಂಪುನಗರದ ಹೊಸಬಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವರಿಗೆ ಇಡೀ ಚರ್ಚೆ ಓದಿಸಿದೆ. ಹೆಸರು ನೋಡಿದೆವು, ನಮ್ಮ ತಂದೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ! ಸೋಮವಾರ ಇಬ್ಬರೂ ಹೋಗಿ ಮೊದಲು ತಿದ್ದುಪಡಿಗೆ ಕೇಳುತ್ತೇವೆ. ಆಮೇಲೆ ಮೂರು ಪ್ರತಿ. ಒಂದು ನನ್ನ ಹತ್ತಿರ ಇರಲಿ ಎಂದು ಇವರೇ ಅಂದರು. ಮಾವನಿಗೆ ಲ್ಯಾಮಿನೇಷನ್ ವಿಷಯ ಹೇಳಿದೆ, ಒಪ್ಪಿಕೊಂಡರು.

ಪಾಂಡವಪುರದ ಕಬ್ಬಿನ ಗದ್ದೆ
ಒಳ್ಳೆಯದು ಮಗಳೇ. ವಕೀಲಮ್ಮ, ಒಂದು ಕೇಳಬೇಕಿತ್ತು. ರಾತ್ರಿ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಬೆಳಿಗ್ಗೆ ಕಾಫಿ ಕೊಡುವಾಗ, "ನಮ್ಮದೂ ಬರೆಸಬಹುದಾ?" ಅಂದಳು. 1987ರ ಮದುವೆಗೆ ಈಗ ಆಗುತ್ತದಾ?

ಮಂಡ್ಯ ಕೋರ್ಟ್ ಪಕ್ಕದವಳು
ಆಗುತ್ತದೆ ಅಣ್ಣ. ಲಗ್ನಪತ್ರಿಕೆ ಅಥವಾ ಫೋಟೋ ಏನಾದರೂ ಇದೆಯಾ? ಮದುವೆ ನೋಡಿದವರು ಮೂರು ಜನ ಸಿಗುತ್ತಾರಾ?

ಪಾಂಡವಪುರದ ಕಬ್ಬಿನ ಗದ್ದೆ
ಒಂದೇ ಒಂದು ಕಪ್ಪು ಬಿಳುಪು ಫೋಟೋ ಇದೆ. ಧಾರೆ ಎರೆದ ಅತ್ತೆ ಮಾವ ಇಲ್ಲ. ಭಾಮೈದ ಕೆ.ಆರ್. ಪೇಟೆಯಲ್ಲಿ ಇದ್ದಾನೆ. ನನ್ನ ಅಕ್ಕ ಇದ್ದಾಳೆ. ಮೂರನೆಯವರಿಗೆ, ಅವತ್ತು ಬಸ್ಸು ಓಡಿಸಿದ ನಮ್ಮೂರ ಸ್ನೇಹಿತನನ್ನು ಕೇಳುತ್ತೇನೆ.