ಕೇದಾರಕಂಠಕ್ಕೆ ಸ್ನೋಶೂ ಬೇಕಾ? ಹೋಗಿ ಬಂದವರು ಹೇಳಿ

ಬೆಳಗಾವಿಯಿಂದ ನಾವೊಂದಿಷ್ಟು ಗೆಳೆಯರು ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠ ಹತ್ತಲು ಹೊರಟಿದ್ದೇವೆ. ಹಿಮದ ಮೇಲೆ ಯಾರೂ ನಡೆದಿಲ್ಲ. ಸ್ನೋಶೂ, ಅಂದರೆ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲ ಚೌಕಟ್ಟು, ಕೊಳ್ಳಬೇಕಾ? ದಾರಿ ಹೇಗಿರುತ್ತೆ?

ಟಿಳಕವಾಡಿಯಿಂದ: ಕೊಳ್ಳಬೇಡಿ, ಸುಮ್ನೆ ದುಡ್ಡು ದಂಡ. ಸ್ನೋಶೂ ಕೆಲಸಕ್ಕೆ ಬರೋದು ಯಾರೂ ತುಳಿಯದ, ಮೊಣಕಾಲುದ್ದ ಹೊಸ ಹಿಮದಲ್ಲಿ. ಅಗಲ ಇರುವುದರಿಂದ ಮೈಭಾರ ಹರಡುತ್ತೆ, ಕಾಲು ಹೂತುಹೋಗಲ್ಲ. ಕೇದಾರಕಂಠದಲ್ಲಿ ಜನ ಜಾಸ್ತಿ. ತುಳಿದು ತುಳಿದು ದಾರಿ ಗಟ್ಟಿಯಾಗಿ ಗಾಜಿನಂತೆ ನುಣುಪಾಗಿರುತ್ತೆ. ಅಲ್ಲಿ ಬೇಕಾಗಿರೋದು ಮೈಕ್ರೋಸ್ಪೈಕ್ಸ್, ಅಂದರೆ ಬೂಟಿನ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿ, ಅಡಿಯಲ್ಲಿ ಸರಪಳಿ, ಉಕ್ಕಿನ ಹಲ್ಲು. ಜೊತೆಗೆ ಗೇಟರ್, ಅಂದರೆ ಬೂಟಿನ ಬಾಯಿ ಮುಚ್ಚುವಂತೆ ಕಾಲಿಗೆ ಸುತ್ತುವ ಕವಚ. ಅದಿಲ್ಲದಿದ್ದರೆ ಹಿಮ ಬೂಟಿನೊಳಗೆ ಇಳಿದು ಕರಗುತ್ತೆ, ಕಾಲುಚೀಲ ಒದ್ದೆಯಾಗುತ್ತೆ. ಆಮೇಲೆ ಬೆರಳು ಇದೆಯೋ ಇಲ್ಲವೋ ಗೊತ್ತಾಗಲ್ಲ.

ಒಂದೇ ದಿನದಲ್ಲಿ ಹಿಮ ಬೇರೆ ಬೇರೆ ಥರ ಇರುತ್ತೆ ರೀ. ತುದಿಗೆ ನಸುಕಿಗೂ ಮೊದಲೇ ಹೊರಡಿಸೋದು ಸೂರ್ಯೋದಯ ನೋಡೋಕೆ ಅಂತ ಎಲ್ಲರೂ ತಿಳಿದಿರುತ್ತಾರೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಭಾರ ತಡೆಯುತ್ತೆ ಅನ್ನೋದು ಇನ್ನೊಂದು ಕಾರಣ. ಬಿಸಿಲೇರಿದ ಮೇಲೆ ಪದರ ಸಡಿಲಾಗುತ್ತೆ, ದಾರಿ ಬಿಟ್ಟು ಪಕ್ಕಕ್ಕೆ ಕಾಲಿಟ್ಟರೆ ತೊಡೆವರೆಗೆ ಇಳಿಯುತ್ತೀರಿ. ಇಳಿಯುವಾಗ ಮೆತ್ತಗಿನ ಹಿಮದಲ್ಲಿ ಹಿಮ್ಮಡಿ ಮೊದಲು ಊರಿ. ಗಟ್ಟಿ ಇದ್ದಲ್ಲಿ ಸಣ್ಣ ಹೆಜ್ಜೆ, ಎಲ್ಲಾ ಹಲ್ಲೂ ಒಟ್ಟಿಗೆ ಕಚ್ಚುವ ಹಾಗೆ. ಹತ್ತುವಾಗ ಬಿದ್ದವರನ್ನು ನೋಡಿದ್ದು ಕಮ್ಮಿ, ಬೀಳೋದೆಲ್ಲಾ ಇಳಿಯುವಾಗಲೇ.

ಜಮಖಂಡಿಯಿಂದ: ಕಾಟನ್ ಬನಿಯನ್ ಬೇಡ. ಬೆವರು ಆರಲ್ಲ, ನಿಂತ ತಕ್ಷಣ ಚಳಿ ಹಿಡಿಯುತ್ತೆ. ನೀರಿನ ಬಾಟಲಿ ತಲೆಕೆಳಗೆ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತೆ, ಹಾಗಿಟ್ಟರೆ ಮುಚ್ಚಳದ ಹತ್ತಿರ ನೀರೇ ಉಳಿಯುತ್ತೆ. ಪೈಪಿನಿಂದ ನೀರು ಹೀರುವ ಚೀಲ ನಂಬಬೇಡಿ. ಫೋನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ. ಕಪ್ಪು ಕನ್ನಡಕ ಶೋಕಿಗಲ್ಲ. ಹಿಮದಿಂದ ಪುಟಿದ ಬಿಸಿಲಿಗೆ ಕಣ್ಣು ಉರಿ ಬರುತ್ತೆ, ಗದ್ದದ ಕೆಳಗೂ ಚರ್ಮ ಸುಡುತ್ತೆ.

ವಿಜಯಪುರದಿಂದ: ತಯಾರಿ ಈಗಲೇ ಶುರು ಮಾಡಿ. ನಿಮಗೆ ಯಳ್ಳೂರಿನ ರಾಜಹಂಸಗಡ ಇದೆ, ಬೆನ್ನಿಗೆ ಚೀಲ ಹಾಕಿ ಹತ್ತಿ ಇಳಿಯಿರಿ. ನಮಗೆ ಗುಡ್ಡ ಎಲ್ಲಿದೆ, ಗೋಳಗುಮ್ಮಟದ ಮೆಟ್ಟಿಲೇ ಗತಿ! ಆದರೆ ಎಷ್ಟು ಗಟ್ಟಿಮುಟ್ಟಾಗಿದ್ದರೂ ಎತ್ತರಕ್ಕೆ ಮೈ ಒಗ್ಗಲು ಸಮಯ ಬೇಕು. ಹತ್ತಲು ಶುರು ಮಾಡುವ ಊರು ಸಾಂಕ್ರಿ ಸುಮಾರು 1,950 ಮೀಟರ್, ತುದಿ ಸುಮಾರು 3,800. ತಲೆನೋವು, ವಾಂತಿ ಬಂದರೆ ಮುಚ್ಚಿಡದೆ ಗೈಡ್‌ಗೆ ಹೇಳಿ. ಹೆಚ್ಚಾದರೆ ಕೆಳಗೆ ಇಳಿಯೋದೇ ಮದ್ದು. ಹೊಸ ಹಿಮ ಬಿದ್ದರೆ ದಾರಿಯೇ ಮುಚ್ಚಿಹೋಗುತ್ತೆ, ಅವತ್ತು ಹೋಗೋದು ಬೇಡ ಅಂತ ಸ್ಥಳೀಯ ಗೈಡ್ ಅಂದರೆ ಹೋಗಲೇಬೇಡಿ.

ಕೇಳಿದವರು: ಮೈಕ್ರೋಸ್ಪೈಕ್ಸ್ ಬಾಡಿಗೆಗೆ ಸಿಗುತ್ತಾ?

ಟಿಳಕವಾಡಿಯಿಂದ: ಸಾಂಕ್ರಿಯಲ್ಲೇ ಸಿಗುತ್ತೆ. ಹಲ್ಲು ಸವೆದಿದೆಯಾ, ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ನಿಮ್ಮ ಬೂಟಿಗೇ ಹಾಕಿ, ಅಲ್ಲೇ ನಾಲ್ಕು ಹೆಜ್ಜೆ ನಡೆದು ತಗೊಳ್ಳಿ.